ಕಹಳೆಯ ಬಾಯಿ, ಮನೆಯ ಮೂಲೆ

ನಿವೃತ್ತಿಯ ವೇಳೆ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ಸಂಗೀತಕ್ಕಾಗಿ ಮೀಸಲಿಡಬೇಕೆಂಬುದು ನನ್ನ ಬಹುಕಾಲದ ಆಸೆ. ಕಹಳೆಯಾಕಾರದ ದೊಡ್ಡ ಧ್ವನಿವರ್ಧಕಗಳ ಜೋಡಿಯೊಂದನ್ನು ಕೊಳ್ಳುವೆನೆಂದು ಹೇಳಿದಾಗ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: “ಮದುವಿ ಮನಿ ಮೈಕು ನಮ್ಮ ಪಡಸಾಲಿಗ್ಯಾಕ್ರಿ?”

ಪ್ರಶ್ನೆ ಸಾಧುವಾದುದೇ. ರಾಯಚೂರಿನ ಬೀದಿಗಳಲ್ಲಿ ಕಹಳೆಯೆಂದರೆ ಗದ್ದಲವೆಂದೇ ಅರ್ಥ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಲು 2000ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರವೇ ನಿಯಮ ಮಾಡಬೇಕಾಯಿತು. ಇಂಥ ಕುಖ್ಯಾತ ವಸ್ತುವನ್ನು ಮನೆಯೊಳಗೆ ಕರೆದು ಕೂರಿಸುವುದೇಕೆ? ಉತ್ತರ ಹುಡುಕುತ್ತ ಹೊರಟ ನಾನು ನೂರು ವರ್ಷಗಳಿಗೂ ಮಿಗಿಲಾದ ಇತಿಹಾಸವನ್ನು ಸುತ್ತಿ ಬರಬೇಕಾಯಿತು. ಆ ವೃತ್ತಾಂತವನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಜಗನ್ನಾಥದಾಸರ ಊರಾದ ಮಾನ್ವಿಯಲ್ಲಿ ನಮ್ಮ ತಾತನವರ ಮನೆಯಿತ್ತು. ಅಲ್ಲಿ ಉಮ್ಮತ್ತಿ ಹೂವಿನಂತೆ ಬಾಯ್ದೆರೆದ ಕಹಳೆಯ ಗ್ರಾಮಫೋನೊಂದಿತ್ತು. ಮುಂಬಯಿಯ ಕಡೆಯಿಂದ ಬಂದ ರೈಲುಹಾದಿ ಮದರಾಸಿನ ಹಾದಿಯನ್ನು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲಿ. ಆ ಹಾದಿಯಲ್ಲಿ ಬಂದಿಳಿದ ಯಂತ್ರವು ಎತ್ತಿನ ಬಂಡಿಯೇರಿ ಮಾನ್ವಿ ಸೇರಿತೆಂದು ತಾತ ಹೇಳುತ್ತಿದ್ದರು. ಅದಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಕೀಲಿ ಕೊಟ್ಟರೆ ತಟ್ಟೆ ತಿರುಗುತ್ತಿತ್ತು. ಸೂಜಿಯ ನಡುಕವೊಂದರಿಂದಲೇ ಪಡಸಾಲೆ ತುಂಬುತ್ತಿತ್ತು. ಅಷ್ಟು ಸಣ್ಣ ನಡುಕ ಅಷ್ಟು ದೊಡ್ಡ ದನಿಯಾದದ್ದು ಹೇಗೆಂಬುದು ಬಾಲ್ಯದಲ್ಲಿ ನನಗೆ ಬಗೆಹರಿಯದ ಒಗಟಾಗಿತ್ತು.

ಆ ಕಾಲದಲ್ಲಿ ಕಹಳೆ ಹಾಡಿಸುವ ಬಾಯಿ ಮಾತ್ರವಲ್ಲ, ಆಲಿಸುವ ಕಿವಿಯೂ ಆಗಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಇಂಥ ಕಹಳೆಯೊಂದರ ಬಾಯಿಗೆ. ಅದರ ಕೊನೆಯಲ್ಲಿದ್ದ ತೆಳುತಗಡು ಕಂಪಿಸಿ, ಸೂಜಿಯು ಮೇಣದ ಮೇಲೆ ಗೆರೆ ಕೊರೆಯಿತು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಮರಳಿ ಬಂದವು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಘೋಷಿಸುತ್ತಿದ್ದಳು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದಳು. ಕಹಳೆಗೆ ಮೊದಲು ದನಿಗೊಟ್ಟ ಭಾರತೀಯರಲ್ಲೊಬ್ಬಳು ಕನ್ನಡದ ಮಣ್ಣಿನಲ್ಲಿ ಮಲಗಿದಳೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಇನ್ನು ಒಗಟಿನ ಉತ್ತರ. ನಮ್ಮ ಕಡೆಯ ಸನಾದಿಯನ್ನು ನೋಡಿ. ಪೀಪಿಯನ್ನು ಕಳಚಿ ಊದಿದರೆ ಕೀರಲು ಸದ್ದು. ಕೊಳವೆಗೂ ಅರಳಿದ ಬಾಯಿಗೂ ಜೋಡಿಸಿ ಊದಿದರೆ ಊರಿಗೆಲ್ಲ ಮಂಗಳಧ್ವನಿ. ಉಸಿರು ಅದೇ; ವ್ಯತ್ಯಾಸವಾದದ್ದು ಗಾಳಿಯೊಡನೆ ಅದರ ಸಂಬಂಧ. ಕಂಪಿಸುವ ತಗಡು ಗಟ್ಟಿಯಾದುದು, ಗಾಳಿ ಹಗುರವಾದುದು. ಬರಿದೆ ಕಂಪಿಸಿದರೆ ತಗಡಿನ ಶ್ರಮವೆಲ್ಲ ವ್ಯರ್ಥ. ಕಹಳೆಯು ಕಿರಿದಾದ ಕೊರಳಿನಿಂದ ಕ್ರಮಕ್ರಮವಾಗಿ ಹಿಗ್ಗುತ್ತ ಆ ಶ್ರಮವನ್ನು ಗಾಳಿಗೆ ಸೋರದಂತೆ ಒಪ್ಪಿಸುತ್ತದೆ. ಕಹಳೆ ದನಿಗೆ ತನ್ನದೇನನ್ನೂ ಕೂಡಿಸುವುದಿಲ್ಲ. ಇದ್ದುದನ್ನು ಪೋಲು ಮಾಡುವುದಿಲ್ಲ, ಅಷ್ಟೆ. ಸಾಧಾರಣ ಪೆಟ್ಟಿಗೆಯ ಧ್ವನಿವರ್ಧಕ ತನಗಿತ್ತ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ದನಿಯಾಗಿಸಿದರೆ, ಒಳ್ಳೆಯ ಕಹಳೆ ಹತ್ತು ಪಾಲಿಗೂ ಹೆಚ್ಚನ್ನು ದನಿಯಾಗಿಸಬಲ್ಲುದು.

1925ರಲ್ಲಿ ಎರಡು ಘಟನೆಗಳು ಜೊತೆಗೂಡಿದವು. ಧ್ವನಿಮುದ್ರಣಕ್ಕೆ ಮೈಕ್ರೊಫೋನು ಬಂದಿತು. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬವರು ಕಾಗದದ ಶಂಕುವಿನ ಧ್ವನಿವರ್ಧಕವನ್ನು ರೂಪಿಸಿದರು. ವಿದ್ಯುತ್ ವರ್ಧಕದ ಬಲ ಏರಿದಂತೆ ಪೋಲಿನ ಚಿಂತೆ ಕಡಿಮೆಯಾಗಿ, ಕಹಳೆ ಮನೆಯಿಂದ ಹೊರಬಿದ್ದಿತು. ಆದರೆ ಚಿತ್ರಮಂದಿರ ಅದನ್ನು ಬಿಡಲಿಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಮಾತಿನ ಚಿತ್ರಗಳ ಆ ಯುಗದಲ್ಲಿ ಸಣ್ಣ ಸಣ್ಣ ರಂಧ್ರಗಳಿದ್ದ ಬೆಳ್ಳಿತೆರೆಯ ಹಿಂದೆ ನಿಂತು ಸಾವಿರಾರು ಪ್ರೇಕ್ಷಕರನ್ನು ಅಳಿಸಿ ನಗಿಸಿದವು ಈ ಕಹಳೆಗಳೇ.

ಅದನ್ನು ಮರಳಿ ಮನೆಗೆ ತಂದವರಲ್ಲಿ ಅಮೆರಿಕದ ಪಾಲ್ ಕ್ಲಿಪ್ಷ್ ಪ್ರಮುಖರು. ತೊಡಕು ಗಾತ್ರದ್ದು. ಸೆಕೆಂಡಿಗೆ 40 ಕಂಪನಗಳ ಮಂದ್ರದ ಅಲೆ ಸುಮಾರು 8.5 ಮೀಟರು ಉದ್ದ. ಅದನ್ನು ನಿಷ್ಠೆಯಿಂದ ನುಡಿಸಲು ಬಯಲಿನಲ್ಲಿ ಒಂಬತ್ತು ಅಡಿಯಷ್ಟು ಅಗಲದ ಬಾಯಿ ಬೇಕು. ಇಷ್ಟು ದೊಡ್ಡ ಬಾಯನ್ನು ಯಾವ ಗೃಹಿಣಿ ಸಹಿಸಿಯಾಳು? ಕ್ಲಿಪ್ಷ್ ಕಹಳೆಯನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟು ಕೋಣೆಯ ಮೂಲೆಗೆ ಒರಗಿಸಿದರು. ಎರಡು ಗೋಡೆಗಳೂ ನೆಲವೂ ಸೇರಿ ಕಹಳೆಯ ಮುಂದುವರಿಕೆಯಾದವು. ಬಾಯಿಯ ವಿಸ್ತಾರ ಎಂಟರಲ್ಲೊಂದು ಪಾಲಿದ್ದರೆ ಸಾಕಾಯಿತು. 1946ರಲ್ಲಿ ಅವರು ಸಂಸ್ಥೆ ಕಟ್ಟಿ ಅದನ್ನು ಮಾರತೊಡಗಿದರು. ಮನೆಯ ಮೂಲೆಯೇ ವಾದ್ಯದ ಅಂಗವಾದದ್ದು ಹೀಗೆ.

ಈ ವಿಚಾರಗಳನ್ನು ತಲೆಯಲ್ಲಿ ತುಂಬಿಕೊಂಡು ನಾನು ದೇವದುರ್ಗಕ್ಕೆ ಹೋದೆ. ಮುಚ್ಚಿಹೋದ ಚಿತ್ರಮಂದಿರವೊಂದರ ಕಹಳೆಗಳನ್ನು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೊಂಡು ತಂದಿದ್ದರು. ಅವರು ಕಲಿಸಿದ ಪಾಠ ಕೊಳ್ಳುವವರೆಲ್ಲರಿಗೂ ಉಪಯುಕ್ತ. ಮೊದಲು ಮರವನ್ನು ಬೆರಳಿನಿಂದ ತಟ್ಟಿ ಗೆದ್ದಲು ಹಿಡಿದಿದೆಯೋ ನೋಡಬೇಕು. ಕೊರಳಿನ ತಗಡು ಸೀಳಿದ್ದರೆ ತಾರದಲ್ಲಿ ಗರಗರ ಸದ್ದು ಬರುತ್ತದೆ. ಮಂದ್ರ, ತಾರಗಳಿಗೆ ಬೇರೆ ಬೇರೆ ಕಹಳೆಗಳಿರುವುದರಿಂದ ತೀರ ಹತ್ತಿರ ಕುಳಿತರೆ ಒಂದೇ ಕಂಠ ಎರಡಾಗಿ ಕೇಳುತ್ತದೆ. ಹತ್ತು ಹನ್ನೆರಡು ಅಡಿಯಾದರೂ ದೂರ ಸಿಗುವ ಕೋಣೆ ಬೇಕು. ದೊಡ್ಡ ವರ್ಧಕಕ್ಕೆ ಹಣ ಸುರಿಯಬೇಕಿಲ್ಲ. ಸಾಧಾರಣ ಪೆಟ್ಟಿಗೆಗೆ ಮೂವತ್ತು ವಾಟ್ ಬೇಕಾದಲ್ಲಿ ಇದಕ್ಕೆ ಒಂದೆರಡು ವಾಟ್ ಸಾಕು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಎದುರು ಕುಳಿತು ಕೇಳಿದ ಕಂಠವನ್ನೇ ಹಾಕಿ ಪರೀಕ್ಷಿಸಬೇಕು.

ನಾನು ಒಯ್ದದ್ದು ನಮ್ಮ ಜಿಲ್ಲೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನದ ಹಳೆಯ ಕ್ಯಾಸೆಟ್ಟು. ಉತ್ಸಾಹದಿಂದ ದನಿ ಏರಿಸಿದೆವು. ಮದುವೆ ಮನೆಯ ಮೈಕೇ ಎದುರು ನಿಂತಿತು. ಹೆಂಡತಿಯ ಮಾತು ನೆನಪಾಗಿ ನಾಚಿಕೆಯೆನಿಸಿತು. ಬಳಿಕ ದನಿ ತಗ್ಗಿಸುತ್ತ ಬಂದೆವು. ಮಾತಿನಷ್ಟು ಮೆಲ್ಲಗಾದಾಗ ವಚನದ ಎರಡು ಸಾಲುಗಳ ನಡುವೆ ಅವರು ಎಳೆದುಕೊಂಡ ಉಸಿರು ಕೇಳಿಸಿತು. ಮೂವತ್ತು ವರ್ಷ ಅದೇ ಕ್ಯಾಸೆಟ್ಟನ್ನು ಕೇಳಿದ್ದ ನನಗೆ ಆ ಉಸಿರು ಅಪರಿಚಿತವಾಗಿತ್ತು. ಗದ್ದಲ ಕಹಳೆಯ ಗುಣವಲ್ಲ, ಅದನ್ನು ಹಿಡಿದ ಕೈಯ ಗುಣವೆಂದು ಆಗ ಅರಿವಾಯಿತು.

ಮತ್ತೊಂದು ಮಾತೂ ಹೊಳೆಯಿತು. ಎರಡು ಧ್ವನಿವರ್ಧಕಗಳನ್ನು ಬೇಡುವ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರ ಸುಮಾರಿಗೆ. ಅದಕ್ಕೆ ಮೊದಲು ಮನೆಗೊಂದೇ ಧ್ವನಿವರ್ಧಕ, ಕ್ಲಿಪ್ಷ್‌ರ ಮೂಲೆಯ ಕಹಳೆಯೂ ಒಂಟಿಯೇ. ನನ್ನಲ್ಲಿರುವ ಹಳೆಯ ತಟ್ಟೆಗಳೂ ಕ್ಯಾಸೆಟ್ಟುಗಳೂ ಬಹುಪಾಲು ಒಂದೇ ಧಾರೆಯಲ್ಲಿ ಮುದ್ರಿತವಾದವು. ಅವಕ್ಕೆ ಜೋಡಿ ಏಕೆ? ಜೋಡಿಗೆಂದು ಹೊರಟವನು ಒಂದನ್ನೇ ಕೊಂಡೆ.

ನಮ್ಮ ಪಡಸಾಲೆಯಲ್ಲಿ ಬಾಗಿಲು ಕಿಟಕಿಗಳಿಲ್ಲದ ಮೂಲೆ ಒಂದೇ ಇತ್ತು. ಅಲ್ಲಿ ನಿಂತಿದ್ದದ್ದು ನನ್ನ ಪುಸ್ತಕದ ಕಪಾಟು. ನಲವತ್ತು ವರ್ಷ ಕೂಡಿಟ್ಟ ಪುಸ್ತಕಗಳಲ್ಲಿ ಮತ್ತೆ ತೆರೆಯಲಾರೆನೆಂದು ತಿಳಿದವನ್ನು ಆರಿಸಿ ಮಾನ್ವಿಯ ವಾಚನಾಲಯವೊಂದಕ್ಕೆ ಕೊಟ್ಟು ಬಂದೆ. ಆ ದಿನ ಬಸ್ಸಿನಲ್ಲಿ ಬರಿಗೈಯಲ್ಲಿ ಮರಳುವಾಗ ಮನಸ್ಸು ಭಾರವಾಗಿತ್ತು ಎಂಬುದನ್ನು ಮುಚ್ಚಿಡಲಾರೆ. ಯಾವುದೇ ದನಿಗೆ ಮನೆಯಲ್ಲಿ ಎಡೆ ಮಾಡಿಕೊಡಬೇಕಾದರೆ ಏನನ್ನಾದರೂ ತೆರವು ಮಾಡಲೇಬೇಕು.

ಕಹಳೆ ಬಂದ ಸಂಜೆ ಜಂಬಲದಿನ್ನಿಯವರ ಕ್ಯಾಸೆಟ್ಟನ್ನೇ ಹಾಕಿದೆ. ಮನೆಯಾಕೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. ಬಳಿಕ ಒಳಗೆ ಬಂದು ಕುಳಿತಳು. ವಚನ ಮುಗಿದ ಮೇಲೆ, “ಇನ್ನಷ್ಟು ಸಣ್ಣಗ ಮಾಡ್ರಿ, ಚಲೋ ಕೇಳಸ್ತದ” ಎಂದಳು. ನಾನು ದನಿ ತಗ್ಗಿಸಿದೆ.