ಸ್ವೀಡನ್ನರ ಮೇಜಿನ ಮೇಲೆ: ಚಮಚ, ಇಸ್ಪೀಟು, ಶನಿವಾರದ ಮಿಠಾಯಿ

ಸ್ವೀಡನ್ ಎಂದೊಡನೆ ನಮ್ಮ ನಗರವಾಸಿಗಳಿಗೆ ನೊಬೆಲ್ ಪ್ರಶಸ್ತಿ ಮತ್ತು ವೋಲ್ವೊ ಬಸ್ಸುಗಳು ನೆನಪಾಗುತ್ತವೆ. ಆ ದೇಶದ ಮನೆವಾರ್ತೆಯ ಸಂಗತಿಗಳು ಅಷ್ಟು ಪರಿಚಿತವಲ್ಲ. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಅಂಥಲ್ಲಿ ಸಂಸಾರದ ಬದುಕು ಮೇಜಿನ ಸುತ್ತ ನೆರೆಯುವುದು ಸಹಜವೇ.

ಅಲ್ಲಿನ ಅಡುಗೆಯಲ್ಲಿ ಚಮಚವೆಂದರೆ ಅಂದಾಜಿನ ಮಾತಲ್ಲ. ಊಟದ ಚಮಚ 15 ಮಿಲಿಲೀಟರ್, ಚಹಾ ಚಮಚ 5, ಮಸಾಲೆಯ ಅಳತೆ 1. ಇವುಗಳ ಜೊತೆಗೆ 100 ಮಿಲಿಲೀಟರ್‌ನ ಡೆಸಿಲೀಟರ್ ಪಾತ್ರೆ. ಈ ನಾಲ್ಕರ ಕಟ್ಟು ಬಹುತೇಕ ಪ್ರತಿ ಮನೆಯಲ್ಲೂ ಇರುತ್ತದೆ. ಪಾಕಪುಸ್ತಕಗಳೂ ಹಿಟ್ಟು, ಸಕ್ಕರೆಯನ್ನು ಈ ಅಳತೆಗಳಲ್ಲೇ ಸೂಚಿಸುತ್ತವೆ. ‘ಕೈಯಳತೆ’ಗೆ ಒಗ್ಗಿದ ನಮ್ಮ ಗೃಹಿಣಿಯರಿಗೆ ಇದು ಅತಿಶಿಸ್ತೆನಿಸಬಹುದು.

ಚಮಚಗಳ ತವರು ಎಸ್ಕಿಲ್‌ಸ್ಟುನಾ ಪಟ್ಟಣ. ಸ್ಟಾಕ್‌ಹೋಮ್‌ನ ಪಶ್ಚಿಮಕ್ಕಿರುವ ಇಲ್ಲಿ 17ನೇ ಶತಮಾನದಲ್ಲಿಯೇ ಕಮ್ಮಾರಸಾಲೆಗಳು ನೆಲೆಗೊಂಡವು; 1771ರಲ್ಲಿ ಕುಶಲಕರ್ಮಿಗಳಿಗೆಂದೇ ‘ಮುಕ್ತಪಟ್ಟಣ’ ಸ್ಥಾಪನೆಯಾಯಿತು. 1856ರಲ್ಲಿ ಆರಂಭವಾದ ಗೆನ್ಸೆ ಕಾರ್ಖಾನೆಯೂ ಈ ಊರಿನದೇ. ನೊಬೆಲ್ ಔತಣಕೂಟಕ್ಕೆ 1991ರಲ್ಲಿ ರೂಪುಗೊಂಡ ಚಮಚ, ಫೋರ್ಕುಗಳ ವಿನ್ಯಾಸಕ ಗುನ್ನಾರ್ ಸಿರೇನ್. ಕುತೂಹಲದ ಸಂಗತಿಯೆಂದರೆ, ದೇಶದ ಹೆಸರಾಂತ ಇಸ್ಪೀಟು ತಯಾರಕ ಓಬರ್ಗ್ ಸಂಸ್ಥೆಯೂ ಇದೇ ಊರಿನಲ್ಲಿತ್ತು. ಊಟದ ಚಮಚ ಮತ್ತು ಊಟದ ನಂತರದ ಎಲೆ, ಎರಡೂ ಒಂದೇ ಪಟ್ಟಣದಿಂದ!

ಸ್ವೀಡನ್ನರ ಇಸ್ಪೀಟಿನಲ್ಲಿ ರಾಜನಿಗೆ ‘ಕೆ’ ಇದ್ದರೂ, ರಾಣಿಗೆ ‘ಡಿ’, ಗುಲಾಮನಿಗೆ ‘ಕೆಎನ್’ ಎಂಬ ಅಕ್ಷರಗಳಿರುತ್ತವೆ. ಮಕ್ಕಳು ಮೊದಲು ಕಲಿಯುವ ಆಟಗಳಲ್ಲಿ ಒಂದರ ಹೆಸರು ‘ನರಿಯನ್ನು ಉಪವಾಸ ಕೆಡವು’, ಇನ್ನೊಂದು ‘ಕೆರೆಯಲ್ಲಿದೆ’. ಕೇಳಿದ ಎಲೆ ಎದುರಾಳಿಯ ಕೈಯಲ್ಲಿಲ್ಲವಾದರೆ ‘ಕೆರೆಯಲ್ಲಿದೆ’ ಎನ್ನಬೇಕು. ಕೇಳಿದವನು ಮೇಜಿನ ನಡುವಿನ ರಾಶಿಯಿಂದ ಒಂದು ಎಲೆ ಎತ್ತಿಕೊಳ್ಳುತ್ತಾನೆ.

ಇವೆಲ್ಲಕ್ಕಿಂತ ವಿಶಿಷ್ಟವಾದುದು ‘ಕಿಲ್ಲೆ’. ಇದಕ್ಕೆ ಪ್ರತ್ಯೇಕ ಕಟ್ಟೇ ಉಂಟು: 21 ಚಿತ್ರಗಳು, ತಲಾ ಎರಡರಂತೆ 42 ಎಲೆ. ಇಸ್ಪೀಟು, ಆಟೀನು ಎಂಬ ಜಾತಿಗಳಿಲ್ಲ. 1ರಿಂದ 12ರವರೆಗಿನ ಅಂಕಿಗಳ ಜೊತೆಗೆ ವಿದೂಷಕ, ಕೋಗಿಲೆ, ಕುದುರೆ ಸವಾರ, ಹಂದಿ, ಛತ್ರ, ಹೂಕುಂಡ ಮುಂತಾದ ಚಿತ್ರಗಳಿವೆ. ಪ್ರತಿಯೊಬ್ಬರಿಗೂ ಒಂದೇ ಎಲೆ. ಬೇಡವೆನಿಸಿದರೆ ಪಕ್ಕದವರೊಡನೆ ಬದಲಿಸಿಕೊಳ್ಳಬಹುದು. ಕೊನೆಗೆ ಅತಿ ಕೀಳು ಎಲೆ ಉಳಿದವನು ಸೋತ. ಆದರೆ ಪಕ್ಕದವನ ಬಳಿ ಕೋಗಿಲೆಯಿದ್ದರೆ ವಿನಿಮಯವೇ ನಿಲ್ಲುತ್ತದೆ. ಸವಾರನಿದ್ದರೆ ಕೇಳಿದವನಿಗೇ ಏಟು. ಹಂದಿಯಿದ್ದರೆ ಅದುವರೆಗಿನ ವಿನಿಮಯಗಳೆಲ್ಲ ಹಿಂದಿರುಗುತ್ತವೆ. ಆಗ ಹೇಳುವ ‘ಹಂದಿಯ ಕಡಿತ ಮರಳಿ ಬರುತ್ತದೆ’ ಎಂಬ ಮಾತು ಸ್ವೀಡಿಷ್ ಭಾಷೆಯಲ್ಲಿ ಗಾದೆಯೂ ಹೌದು. ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’ದ ಸೋದರಿ ಎನ್ನಬಹುದು. ವಿದೂಷಕನ ಗತಿ ವಿಚಿತ್ರ: ಹಂಚುವಾಗಲೇ ಬಂದರೆ ಆತ ಎಲ್ಲರಿಗಿಂತ ಮೇಲು, ಬದಲಾಯಿಸಿಕೊಂಡು ಪಡೆದರೆ ಎಲ್ಲರಿಗಿಂತ ಕೀಳು.

ಮೇಜಿನ ಮೇಲೆ ವಾರಕ್ಕೊಮ್ಮೆ ಕಾಣಿಸುವ ‘ಶನಿವಾರದ ಮಿಠಾಯಿ’ಯ ಕತೆ ಇಷ್ಟು ಹಗುರವಾದುದಲ್ಲ. ಲುಂಡ್ ನಗರದ ವಿಪೆಹೋಲ್ಮ್ ಸಂಸ್ಥೆಯಲ್ಲಿ 1945ರಿಂದ 1955ರವರೆಗೆ ಬುದ್ಧಿಮಾಂದ್ಯರ ಮೇಲೆ ಆಹಾರ ಮತ್ತು ದಂತಕ್ಷಯದ ಸಂಬಂಧವನ್ನು ಕುರಿತ ಪ್ರಯೋಗಗಳು ನಡೆದವು. ಹಲ್ಲಿಗೆ ಅಂಟಿಕೊಳ್ಳುವಂಥ ಟಾಫಿಯನ್ನು ಅವರಿಗೆಂದೇ ತಯಾರಿಸಿ ತಿನ್ನಿಸಲಾಯಿತು. ಅನೇಕರ ಹಲ್ಲುಗಳು ಸಂಪೂರ್ಣ ಹಾಳಾದವು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ದಿನವಿಡೀ ಸಿಹಿ ಮೆಲ್ಲುವುದೇ ಹೆಚ್ಚು ಹಾನಿಕರವೆಂಬುದು ಆ ಪ್ರಯೋಗದಿಂದ ಸ್ಥಿರಪಟ್ಟಿತು. ಅದರ ಫಲವಾಗಿ ಮಕ್ಕಳಿಗೆ ವಾರಕ್ಕೊಮ್ಮೆ ಮಾತ್ರ ಮಿಠಾಯಿ ಕೊಡಬೇಕೆಂಬ ಸಲಹೆ ದೇಶದಲ್ಲಿ ಬೇರೂರಿತು. ಇಂದಿಗೂ ಅಲ್ಲಿನ ಅಂಗಡಿಗಳಲ್ಲಿ ಮಿಠಾಯಿಯನ್ನು ಬಿಡಿಯಾಗಿ, ತೂಕದ ಲೆಕ್ಕದಲ್ಲಿ ಮಾರಲಾಗುತ್ತದೆ. ಮಕ್ಕಳು ತಮಗೆ ಬೇಕಾದುದನ್ನು ತಾವೇ ಚೀಲಕ್ಕೆ ತುಂಬಿಕೊಳ್ಳುತ್ತಾರೆ.