ಕೋಲಾರ ಸೀಮೆಯ ಶಿಲಾಲೇಖಗಳೂ ಅವುಗಳನ್ನು ಕಂಡವರೂ

ಗಂಗವಂಶದ ಅರಸರು ತಲಕಾಡಿನಲ್ಲಿ ನೆಲೆಸಿ ರಾಜ್ಯವಾಳುತ್ತಿದ್ದ ಕಾಲದಲ್ಲಿಯೂ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಟ್ಟವರಲ್ಲ. ಆ ಕುವಳಾಲಪುರವೇ ಇಂದಿನ ಕೋಲಾರವು. ಗಂಗರು, ಬಾಣರು, ನೊಳಂಬರು, ವೈದುಂಬರು, ಚೋಳರು, ಹೊಯ್ಸಳರು, ವಿಜಯನಗರದ ರಾಯರು, ಇವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಈ ನೆಲದಲ್ಲಿ ಅಧಿಕಾರ ನಡೆಸಿದವರು, ಅಥವಾ ಇದಕ್ಕಾಗಿ ಕಾದಿದವರು. ಆದಕಾರಣ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಮುಂದಣ ಅರಳಿಯ ಕಟ್ಟೆಯಲ್ಲಿ ಅಕ್ಷರವುಳ್ಳ ಕಲ್ಲುಗಳು ಹೇರಳವಾಗಿರುವುವು. ತುರುಗಳನ್ನು ಮರಳಿಸಿ ಮಡಿದವರ ವೀರಗಲ್ಲುಗಳಿಗಂತೂ ಕೊರತೆಯೇ ಇಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರೇ ಮಹಾಸತಿಯೆಂಬ ಶಬ್ದದ ತದ್ಭವವು. ಊರೇ ಒಂದು ಸ್ಮಾರಕವನ್ನು ಹೆಸರಾಗಿ ಹೊತ್ತಿರುವುದು.

ಈ ಕಲ್ಲುಗಳನ್ನು ಮೊದಲು ಕಂಡವರು ವಿದ್ವಾಂಸರಲ್ಲ. ನೇಗಿಲಿಗೆ ಕಲ್ಲು ತಗುಲಿ ಎತ್ತುಗಳನ್ನು ನಿಲ್ಲಿಸಿದ ಒಕ್ಕಲಿಗನು, ಕುರಿಗಳನ್ನು ಬಂಡೆಯ ನೆರಳಿಗೆ ಹೊಡೆದ ಕುರುಬನು, ಕೆರೆಯ ಹೂಳೆತ್ತುವ ಕೂಲಿಯಾಳು, ಮನೆಯ ಪಾಯ ತೋಡಿಸಿದ ಗೃಹಸ್ಥನು, ಇವರೇ ಮೊದಲು ಕಂಡವರು. ಪಂಡಿತನು ಆಮೇಲೆ ಬಂದನು. ಪಂಡಿತನ ಹೆಸರು ಗ್ರಂಥದಲ್ಲಿ ನಿಂತಿತು. ಒಕ್ಕಲಿಗನ ಹೆಸರು ನಿಲ್ಲಲಿಲ್ಲ.

ಪಂಡಿತನನ್ನು ಹೊಲದವರೆಗೆ ಕಳುಹಿಸುವುದಕ್ಕೆ ಬೊಕ್ಕಸದ ಹಣ ಬೇಕೆಂಬುದನ್ನು ಮೈಸೂರು ಸಂಸ್ಥಾನವು ಬಹು ಮೊದಲೇ ಅರಿತುಕೊಂಡಿತು. ಬೆಂಗಳೂರಿನಲ್ಲಿಯೇ 1837ರಲ್ಲಿ ಜನಿಸಿದ ಬಿ. ಎಲ್. ರೈಸ್ ಮಹಾಶಯರು ವಿದ್ಯಾ ಇಲಾಖೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗಲೇ ಶಾಸನಗಳಲ್ಲಿ ಆಸಕ್ತರಾಗಿ 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. 1885ರಲ್ಲಿ ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಯು ಅವರ ನೇತೃತ್ವದಲ್ಲಿ ಆರಂಭವಾಯಿತು. ಅವರ ಕೈಕೆಳಗಿನ ಪಂಡಿತರು ಕಾಗದ, ಮಸಿ, ಕುಂಚಗಳನ್ನು ಹೊತ್ತು ತಾಲ್ಲೂಕು ತಾಲ್ಲೂಕುಗಳನ್ನು ಸುತ್ತಿ, ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಅಕ್ಷರಗಳ ಕುಳಿಗಳಿಗೆ ಒತ್ತಿ, ಮಸಿಯಿಂದ ಪ್ರತಿಯನ್ನೆತ್ತಿಕೊಂಡು ಬಂದರು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಮಹಾಗ್ರಂಥದ ಹನ್ನೆರಡು ಸಂಪುಟಗಳು ಹುಟ್ಟಿದ್ದು ಹೀಗೆ. ಅವುಗಳಲ್ಲಿ ಹತ್ತನೆಯದಾದ ಕೋಲಾರ ಜಿಲ್ಲೆಯ ಸಂಪುಟವು 1905ರಲ್ಲಿ ಹೊರಬಂದಿತು. ಮರುವರ್ಷ ರೈಸ್ ಮಹಾಶಯರು ನಿವೃತ್ತರಾದರು, ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದು ಕಾರ್ಯವನ್ನು ಮುಂದುವರಿಸಿದರು.

ಈ ವೆಚ್ಚದಿಂದ ನಾಡಿಗೆ ದೊರೆತುದೇನೆಂಬುದಕ್ಕೆ ಮಾಲೂರಿನ ದಕ್ಷಿಣಕ್ಕಿರುವ ನೊಣಮಂಗಲವು ಸಾಕ್ಷಿ. ಅಲ್ಲಿ 1897ರಲ್ಲಿ ಒಂದು ಪ್ರಾಚೀನ ಜೈನ ಬಸದಿಯ ತಳಹದಿಯು ಹೊರಬಿದ್ದಿತು. ಅದರೊಡನೆ ಹಿತ್ತಾಳೆಯ ಪ್ರತಿಮೆಗಳು, ವಾದ್ಯಗಳು, ಗಂಗರಾಜರ ತಾಮ್ರಶಾಸನಗಳು ದೊರೆತುವು. ಈ ಶಾಸನಗಳು ನಾಲ್ಕು ಐದನೆಯ ಶತಮಾನಗಳವೆಂದು ಗ್ರಂಥಸ್ಥವಾಗಿರುವುದು. ತಾಮ್ರವು ಕಂಚುಗಾರನ ಮೂಸೆಗೆ ಬಲು ಬೇಗ ಸೇರುವ ಲೋಹ. ಆ ಹಲಗೆಗಳು ಒಂದು ಸಂತೆಯ ದಿನ ತೂಕಕ್ಕೆ ಮಾರಿಹೋಗಿದ್ದರೆ ಬಿಂದಿಗೆಯಾಗುತ್ತಿದ್ದುವು, ಹಂಡೆಯಾಗುತ್ತಿದ್ದುವು. ಗಂಗರ ಆದಿಚರಿತ್ರೆಯ ಒಂದು ಆಧಾರಸ್ತಂಭವು ಯಾರಿಗೂ ತಿಳಿಯದೆ ಕುಸಿಯುತ್ತಿತ್ತು.

ಶೈವಮತದ ಚರಿತ್ರೆಯನ್ನು ತಿಳಿಯಬಯಸುವ ಭಕ್ತರಿಗೆ ಮುಳಬಾಗಿಲು ತಾಲ್ಲೂಕಿನ ಆವಣಿಯು ಇನ್ನೂ ಹತ್ತಿರದ ದೃಷ್ಟಾಂತವು. ಅಲ್ಲಿಯ ಒಂದು ಶಾಸನವು ತ್ರಿಭುವನಕರ್ತಾರನೆಂಬ ಶೈವಯತಿಯೊಬ್ಬನ ವೃತ್ತಾಂತವನ್ನು ತಿಳಿಸುವುದು. ಆತನು ಆವಣಿಯ ಸ್ಥಾನವನ್ನು ನಲವತ್ತು ವರ್ಷ ಆಳಿ, ಐವತ್ತು ದೇವಾಲಯಗಳನ್ನು ಕಟ್ಟಿಸಿ, ಎರಡು ದೊಡ್ಡ ಕೆರೆಗಳನ್ನು ನಿರ್ಮಿಸಿ 961ರಲ್ಲಿ ಶಿವಸಾಯುಜ್ಯವನ್ನು ಹೊಂದಿದನು. ಬಸವಾದಿ ಶರಣರಿಗಿಂತ ಎರಡು ಶತಮಾನ ಹಿಂದೆಯೇ, ವಿರಕ್ತನೊಬ್ಬನು ಒಕ್ಕಲಿನ ನೀರಿನ ಚಿಂತೆಯನ್ನು ತನ್ನದೆಂದು ಭಾವಿಸಿದ್ದನೆಂಬ ಸಂಗತಿಯು ಈ ಕಲ್ಲಿನಿಂದಲ್ಲದೆ ತಿಳಿಯುವಂತಿಲ್ಲ. ಯಾವ ಪುರಾಣವೂ ಆತನನ್ನು ಹಾಡಲಿಲ್ಲ. ಅದೇ ಮುಳುವಾಗಿಲ ಸೀಮೆಯನ್ನು ಮುಂದೆ ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ದಂಡನಾಯಕನಾಗಿ ಆಳಿದವನು ಲಕ್ಕಣ್ಣ ದಂಡೇಶನು. ‘ಶಿವತತ್ತ್ವ ಚಿಂತಾಮಣಿ’ಯ ಕರ್ತೃವೆಂದು ಆತನು ಸಕಲ ವೀರಶೈವರಿಗೂ ಪರಿಚಿತನು, ಆದರೆ ಆತನೂ ಆತನ ಸಹೋದರ ಮಾದಣ್ಣನೂ ಈ ನಾಡಿನಲ್ಲಿ ನಡೆಸಿದ ಅಧಿಕಾರವನ್ನು ತಿಳಿಯಬೇಕಾದರೆ ಕಾವ್ಯವನ್ನು ಮುಚ್ಚಿಟ್ಟು ಶಾಸನವನ್ನೇ ತೆರೆಯಬೇಕು. ಬಸವಣ್ಣನವರ ವಿಷಯದಲ್ಲಿಯೂ ಹಾಗೆಯೇ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿರುವ 1260ರ ಶಾಸನದಲ್ಲಿ ಅವರ ಹೆಸರು ದೊರೆತುದರಿಂದ, ಅವರ ಐತಿಹಾಸಿಕತೆಯನ್ನು ಕುರಿತು ತರ್ಕಿಸುತ್ತಿದ್ದವರಿಗೆ ಕಲ್ಲೇ ಉತ್ತರ ಕೊಟ್ಟಂತಾಯಿತು. ಆ ಒಂದು ಕಲ್ಲು ಯಾವುದಾದರೂ ಮನೆಯ ಮೆಟ್ಟಿಲಾಗಿದ್ದರೆ ಆ ಉತ್ತರವು ದೊರೆಯುತ್ತಿರಲಿಲ್ಲ.

ಇಷ್ಟಾದರೂ 1905ರ ಸಂಪುಟದೊಡನೆ ಕಾರ್ಯವು ಮುಗಿದುಹೋಯಿತೆಂದು ಭಾವಿಸತಕ್ಕದ್ದಲ್ಲ. ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದ ಮತ್ತೊಂದು ಸಂಪುಟವು, ಮೊದಲಿನದಕ್ಕೆ ಪುರವಣಿಯಾಗಿ, ಹದಿನೇಳನೆಯದೆಂಬ ಸಂಖ್ಯೆಯಿಂದ 1965ರಲ್ಲಿ ಪ್ರಕಟವಾಯಿತು. ಅರವತ್ತು ವರ್ಷಗಳ ಅಂತರದಲ್ಲಿ ಅಷ್ಟೊಂದು ಹೊಸ ಲೇಖಗಳು ದೊರೆತುವೆಂದರೆ, ಮೊದಲು ಸುತ್ತಿದ ಪಂಡಿತರ ಕಣ್ಣಿಗೆ ಬೀಳದೆ ಉಳಿದುವು ಎಷ್ಟಿದ್ದುವೆಂಬುದನ್ನು ಊಹಿಸಬಹುದು. ಅಧಿಕಾರಿಯು ಊರಿಗೆ ಬರುವುದು ತಲೆಮಾರಿಗೊಮ್ಮೆ. ನೇಗಿಲು ಮಣ್ಣಿಗೆ ಇಳಿಯುವುದು ಪ್ರತಿವರ್ಷ.

ಇನ್ನು, ಕಂಡವನಿಗೆ ಸರಕಾರವು ಏನನ್ನು ಕೊಡುತ್ತ ಬಂದಿದೆಯೆಂಬುದನ್ನು ನೋಡಬೇಕು. ಇದೇ ಜಿಲ್ಲೆಯಲ್ಲಿ 1802ರಲ್ಲಿ ಗಡಿಯ ಮೋಜಣಿಗೆ ಬಂದ ವಾರನ್ ಎಂಬ ಸೇನಾಧಿಕಾರಿಯು ಊರಿಗಾಂ, ಮಾರಿಕುಪ್ಪಂ ಗ್ರಾಮಗಳ ಕಡೆ ಮಣ್ಣಿನಲ್ಲಿ ಹೊನ್ನು ದೊರೆಯುವುದೆಂಬ ಮಾತನ್ನು ಕೇಳಿ, ತೋರಿಸಿದವರಿಗೆ ಬಹುಮಾನವೆಂದು ಸಾರಿದನು. ಗ್ರಾಮಸ್ಥರು ಬಂಡಿಗಳಲ್ಲಿ ಮಣ್ಣನ್ನು ಹೇರಿ ತಂದು ಆತನ ಎದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಕೋಲಾರದ ಚಿನ್ನದ ಗಣಿಗಳ ಕಥೆಯು ಅಲ್ಲಿಂದ ಮೊದಲಾಗುವುದು. ಹೊನ್ನನ್ನು ತೋರಿಸಿದವನಿಗೆ ಬಹುಮಾನ. ಹೊನ್ನಿಗಿಂತ ಹಿರಿದಾದ ಅಕ್ಷರವನ್ನು ತೋರಿಸಿದವನಿಗೆ ಏನೂ ಇಲ್ಲ. 1878ರ ನಿಧಿ ನಿಕ್ಷೇಪದ ಕಾನೂನು ಕೂಡ ಇದೇ ದೃಷ್ಟಿಯುಳ್ಳದ್ದು. ಹತ್ತು ರೂಪಾಯಿಗೆ ಮೀರಿದ ನಿಧಿಯು ಸಿಕ್ಕಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು, ಸರಕಾರವು ಅದನ್ನು ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಾಗಿ ಕೊಡಬೇಕು, ಮುಚ್ಚಿಟ್ಟವನಿಗೆ ಶಿಕ್ಷೆಯುಂಟು. ಕರ್ನಾಟಕಕ್ಕೆ ಪ್ರತ್ಯೇಕವಾದ ನಿಧಿಶಾಸನವು 1962ರಲ್ಲಿ ಬಂದಿತು. ಬೆಲೆಯುಳ್ಳ ವಸ್ತುವನ್ನು ಕುರಿತು ಇಷ್ಟೆಲ್ಲ ವಿಧಿಗಳಿರುವಾಗ, ಹೊಲದಲ್ಲಿ ನಿಂತ ವೀರಗಲ್ಲಿಗೆ ಪೇಟೆಯಲ್ಲಿ ಬೆಲೆಯೇನು? ಬೆಲೆಯಿಲ್ಲದುದರಿಂದಲೇ ಅದನ್ನು ಬರೆದಿಟ್ಟುಕೊಳ್ಳುವುದಕ್ಕೆ ವೆಚ್ಚವೂ ಇಲ್ಲವಾಯಿತು.

ಮೂಢನಂಬಿಕೆಯೊಂದು ಇದಕ್ಕೆ ಕೂಡಿಕೊಂಡಿದೆ. ಓದಲಾಗದ ಅಕ್ಷರವೆಲ್ಲವೂ ನಿಧಿಯ ಗುರುತೆಂದು ಬಗೆದು ದುರುಳರು ರಾತ್ರಿ ಹೊತ್ತು ಲಿಂಗದ ಪೀಠವನ್ನೂ ಶಾಸನದ ಬುಡವನ್ನೂ ಅಗೆಯುವುದುಂಟು. ಕಲ್ಲನ್ನು ಓದಿಸಿ ಅರ್ಥವನ್ನು ಊರಿನವರಿಗೆ ತಿಳಿಸಿದ್ದರೆ, ಅದರಲ್ಲಿರುವುದು ಕೆರೆಗೆ ಬಿಟ್ಟ ಗದ್ದೆಯ ಎಲ್ಲೆಗಳೂ ದತ್ತಿಯನ್ನು ಕೆಡಿಸಿದವನಿಗೆ ಶಾಪವೂ ಅಲ್ಲದೆ ಕೊಪ್ಪರಿಗೆಯ ಹೊನ್ನಲ್ಲವೆಂಬುದು ಮಕ್ಕಳಿಗೂ ಗೊತ್ತಾಗುತ್ತಿತ್ತು. ಇನ್ನೊಂದು ಕಡೆಯಿಂದ ನಾಡಿನ ಅಭಿವೃದ್ಧಿಯೂ ಕಲ್ಲುಗಳನ್ನು ಒತ್ತರಿಸುತ್ತಿದೆ. ನರಸಾಪುರ, ವೇಮಗಲ್ಲು, ಮಾಲೂರುಗಳ ಸುತ್ತ ಕಾರ್ಖಾನೆಗಳೆದ್ದಿವೆ. ಬೆಂಗಳೂರು ಚೆನ್ನೈ ಹೆದ್ದಾರಿಗಳಿಗಾಗಿ ನೆಲವನ್ನು ಅಗೆದಿದ್ದಾರೆ. ಬೆಂಗಳೂರಿನಿಂದ ಶುದ್ಧೀಕರಿಸಿದ ನೀರು 2018ರಿಂದ ಈ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಇವು ಬೇಡವೆನ್ನುವವರು ಯಾರು? ಬರಗಾಲದ ಸೀಮೆಗೆ ನೀರು ಬಂದುದು ಶಿವನ ಕೃಪೆಯೇ ಸರಿ. ಆದರೆ ಯಂತ್ರವು ಮಣ್ಣನ್ನು ಮೊಗೆಯುವಾಗ ತೂಬಿನ ಬಳಿಯ ಕಲ್ಲು ಬರಹದ ಕಲ್ಲೋ ಬರಿಯ ಕಲ್ಲೋ ಎಂದು ನೋಡುವುದಿಲ್ಲ. ಅದನ್ನು ನೋಡುವವನು ಪಕ್ಕದಲ್ಲಿ ನಿಂತ ಕೂಲಿಯಾಳು. ಆತನು ಯಾರಿಗೆ ಹೇಳಬೇಕು? ಹೇಳಿದರೆ ಕೆಲಸ ನಿಂತುಹೋದೀತು, ಹೊಲವನ್ನು ಸರಕಾರದವರು ಹಿಡಿದಾರು ಎಂಬ ಅಂಜಿಕೆಯೂ ಉಂಟು. ಈ ಅಂಜಿಕೆಯಿಂದ ನಾಶವಾದ ಕಲ್ಲುಗಳು ಕಡಮೆಯಲ್ಲ.

ಹೊರದೇಶದಲ್ಲಿ ಈ ತೊಡಕನ್ನು ಬಿಡಿಸಿದ ಬಗೆಯೊಂದು ಗಮನಾರ್ಹವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್ ಸೀಮೆಗಳಲ್ಲಿ 1997ರಲ್ಲಿ ಸಾರ್ವಜನಿಕ ಹಣದಿಂದ ಒಂದು ಏರ್ಪಾಡು ಕೆಲವು ಪ್ರಾಂತಗಳಲ್ಲಿ ಮೊದಲಾಗಿ 2003ರ ವೇಳೆಗೆ ಎಲ್ಲೆಡೆಯೂ ಹಬ್ಬಿತು. ಪ್ರಾಂತಪ್ರಾಂತಕ್ಕೂ ಒಬ್ಬ ಅಧಿಕಾರಿಯುಂಟು. ರೈತನೋ ದಾರಿಹೋಕನೋ ಸಿಕ್ಕಿದ ನಾಣ್ಯ, ಬಳೆ, ಬಾಣದ ಮೊನೆಗಳನ್ನು ತಂದು ತೋರಿಸಿದರೆ, ಆ ಅಧಿಕಾರಿಯು ಚಿತ್ರವನ್ನು ತೆಗೆದು, ಅಳೆದು, ಸಿಕ್ಕಿದ ಸ್ಥಳವನ್ನು ಬರೆದುಕೊಂಡು, ಕಾನೂನಿನ ಪ್ರಕಾರ ನಿಧಿಯೆನಿಸದ ವಸ್ತುವನ್ನು ತಂದವನಿಗೇ ಹಿಂದಿರುಗಿಸುವನು. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷಕ್ಕೂ ಮಿಕ್ಕಿವೆ. ವೆಚ್ಚವು ವಸ್ತುವಿಗಲ್ಲ, ಬರವಣಿಗೆಗೆ. ವಸ್ತು ಕೈಬಿಟ್ಟುಹೋಗದೆಂಬ ನಂಬಿಕೆಯು ಹುಟ್ಟಿದಲ್ಲಿ ಜನರು ತಾವಾಗಿಯೇ ಬಂದರು.

ಈ ದೇಶದಲ್ಲಿಯೂ ಸ್ಮಾರಕಗಳನ್ನೂ ಪುರಾತನ ವಸ್ತುಗಳನ್ನೂ ಪಟ್ಟಿಮಾಡುವುದಕ್ಕಾಗಿ ಕೇಂದ್ರಸರಕಾರವು 2007ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ರಾಜ್ಯದ ಇಲಾಖೆಯು ಗ್ರಾಮವಾರು ಸರ್ವೇಕ್ಷಣೆಯನ್ನು ಕೈಗೊಂಡಿತು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಯಂತ್ರದಿಂದ ತೆಗೆಯುವ ಕಾರ್ಯಕ್ಕಿಳಿದಿದೆ. ಇವೆಲ್ಲ ಶ್ಲಾಘನೀಯವೇ. ಆದರೆ ಇವುಗಳಲ್ಲಿಯೂ ಬಹುಮಟ್ಟಿಗೆ ಪಂಡಿತನೇ ಕಲ್ಲಿನ ಬಳಿಗೆ ಹೋಗಬೇಕು. ಕಲ್ಲನ್ನು ಕಂಡವನು ಬಂದು ಹೇಳಿಕೊಳ್ಳುವುದಕ್ಕೆ ಹೋಬಳಿಯ ಮಟ್ಟದಲ್ಲಿ ಒಂದು ಬಾಗಿಲಿರಬೇಕು. ಅಲ್ಲಿ ಒಬ್ಬ ಬರಹಗಾರನು, ಒಂದು ಪುಸ್ತಕವು, ಪ್ರತಿಯೆತ್ತುವ ಸಾಮಗ್ರಿ, ಕಂಡವನ ಹೆಸರನ್ನು ಬರೆದ ಒಂದು ರಸೀತಿ, ಇಷ್ಟಿದ್ದರೆ ಸಾಕು. ಒಂದು ಮೈಲಿ ಹೆದ್ದಾರಿಗೆ ತಗುಲುವ ಹಣಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕೆ ಬಾರದ ಮೊತ್ತ.

ಬೊಕ್ಕಸವು ಕೈಹಿಡಿಯದಿದ್ದರೆ ಏನಾಗುವುದೆಂಬುದನ್ನು ಶರಣಸಾಹಿತ್ಯದ ಚರಿತ್ರೆಯೇ ಹೇಳುವುದು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳ ಜಂತಿಗಳಲ್ಲಿ, ಜಗುಲಿಗಳ ಮೇಲೆ ಪೂಜೆಗೊಳ್ಳುತ್ತಿದ್ದ ತಾಳೆಯೋಲೆಯ ಕಟ್ಟುಗಳನ್ನು ಬೇಡಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅಚ್ಚಿನ ಮನೆಗಾಗಿ ಇರುವ ಮನೆಯನ್ನು ಮಾರಿದರು. ಕಟ್ಟುಗಳನ್ನು ತಲೆಮಾರುಗಳಿಂದ ಕಾಯ್ದುಕೊಟ್ಟವರು ಓದುಬಾರದ ಗೃಹಿಣಿಯರೂ ಒಕ್ಕಲುಮಕ್ಕಳೂ ಆಗಿದ್ದರು. ಒಬ್ಬ ಮಹಾತ್ಮನ ಮನೆಯು ಮಾರಿಹೋಗಿ ವಚನಗಳು ಉಳಿದುವು. ಪ್ರತಿಯೊಂದು ಸೀಮೆಗೂ ಒಬ್ಬ ಹಳಕಟ್ಟಿಯವರು ಹುಟ್ಟಿಬರುವರೆಂದು ನಾಡು ನೆಚ್ಚಿ ಕೂರಲಾಗದು. ಮಠದ ಶಿಷ್ಯಕೋಟಿಯು ಹಳ್ಳಿಹಳ್ಳಿಯಲ್ಲಿರುವುದು. ಹೊಲದಲ್ಲಿ ಕಲ್ಲು ಕಂಡಾಗ ಅರಿಸಿನ ಕುಂಕುಮವನ್ನು ಹಚ್ಚಿ ಕೈಮುಗಿಯುವ ಭಕ್ತನು, ಎಣ್ಣೆ ಸುಣ್ಣಗಳನ್ನು ಬಳಿಯದೆ, ಸ್ಥಳದಿಂದ ಕದಲಿಸದೆ, ಶಾಲೆಯ ಉಪಾಧ್ಯಾಯರಿಗೋ ತಾಲ್ಲೂಕು ಕಚೇರಿಗೋ ಒಂದು ಮಾತು ತಿಳಿಸಿದರೆ ಅದೂ ಕಾಯಕವೇ. ಅದನ್ನು ಬರೆದುಕೊಳ್ಳುವ ಕೈಯನ್ನು ಒದಗಿಸುವುದು ಮಾತ್ರ ಸರಕಾರದ ಹೊಣೆ.

ರೈಸ್ ಮಹಾಶಯರ ಸಂಪುಟಗಳಲ್ಲಿ ಪ್ರತಿಯೊಂದು ಶಾಸನದ ತಲೆಯ ಮೇಲೆ ಅದು ಇರುವ ಸ್ಥಳವನ್ನು ಕಾಣಿಸಿರುವರು: ಇಂಥ ಹೋಬಳಿಯ ಇಂಥ ಗ್ರಾಮದ ಹೊಲದಲ್ಲಿ, ಇಂಥ ಗುಡಿಯ ಬಾಗಿಲ ಬಲಗಡೆಯಲ್ಲಿ, ಇಂಥ ಕೆರೆಯ ಕೋಡಿಯ ಬಳಿಯಲ್ಲಿ ಎಂದು. ಹೊಲವು ನಿವೇಶನವಾಗಿ, ಕೋಡಿಯು ಒಡೆದು, ಗುಡಿಯು ಹೊಸದಾಗಿ ಕಟ್ಟಲ್ಪಟ್ಟು ಕಲ್ಲು ಕಾಣದಂತಾದ ಕಡೆಗಳಲ್ಲಿಯೂ, ಆ ಒಂದು ಸಾಲನ್ನು ಹಿಡಿದುಕೊಂಡು ಇಂದಿಗೂ ಜನರು ಹುಡುಕಿಕೊಂಡು ಹೋಗುತ್ತಿರುವರು.