ಸೌದೆ ಹೊರೆಯ ಹಿಂದೆ ಮರ ಸೀಳುವ ಯಂತ್ರ: ಎರಡನೆಯ ಟ್ರೇಲರ್‌ನ ಅಪಾಯ

ಊರಿನಲ್ಲಿ ಸೌದೆ ಒಲೆಯನ್ನು ಬಿಟ್ಟುಬಂದ ನಮ್ಮಲ್ಲಿ ಕೆಲವರು ಅಮೆರಿಕದ ಉತ್ತರದ ರಾಜ್ಯಗಳಿಗೆ ಬಂದು ಮತ್ತೆ ಸೌದೆಗೇ ಮರಳಿದ್ದೇವೆ. ಮಿಷಿಗನ್ನಿನ ಚಳಿಗಾಲಕ್ಕೆ ಒಲೆಮನೆ ಸಿದ್ಧವಾಗಬೇಕಾದರೆ ಹಿಂದಿನ ವಸಂತದಲ್ಲೇ ದಿಮ್ಮಿ ತಂದು, ಸೀಳಿ, ಒಣಗಲು ಒಟ್ಟಬೇಕು. ಸೀಳುವ ಕೆಲಸಕ್ಕೆ ಲಾಗ್ ಸ್ಪ್ಲಿಟರ್ ಎಂಬ ಹೈಡ್ರಾಲಿಕ್ ಯಂತ್ರವಿದೆ. ಅದಕ್ಕೆ ಎರಡು ಚಕ್ರಗಳೂ ಒಂದು ಮೂಕಿಯೂ ಇರುವುದರಿಂದ ನೋಡುವವರಿಗೆ ಸಣ್ಣ ಟ್ರೇಲರ್‌ನಂತೆಯೇ ಕಾಣುತ್ತದೆ. ಹೀಗಾಗಿ ದಿಮ್ಮಿ ತುಂಬಿದ ಯುಟಿಲಿಟಿ ಟ್ರೇಲರ್‌ನ ಹಿಂದೆ ಅದನ್ನೂ ಸಿಕ್ಕಿಸಿ ಒಂದೇ ಸಲಕ್ಕೆ ಒಯ್ಯಬಹುದಲ್ಲವೇ ಎಂಬ ಯೋಚನೆ ಸಹಜವಾಗಿ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆಯುವುದನ್ನು ನೋಡಿ ಬೆಳೆದ ನನಗೆ ಇದರಲ್ಲಿ ತಪ್ಪೇನೂ ತೋರಲಿಲ್ಲ. ನಾನೂ ಒಮ್ಮೆ ಹಾಗೆಯೇ ಒಯ್ದೆ. ಅದು ಏಕೆ ತಪ್ಪೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಹೊರೆ ಮತ್ತು ಯಂತ್ರ

ಅಮೆರಿಕದಲ್ಲಿ ಸೌದೆಯ ಅಳತೆ ‘ಕಾರ್ಡ್’. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು, ಅಂದರೆ 128 ಘನ ಅಡಿ. 16 ಅಂಗುಲದ ತುಂಡುಗಳನ್ನು ಒಂದೇ ಸಾಲಾಗಿ ಒಟ್ಟಿದರೆ ಅದರ ಮೂರನೆಯ ಒಂದು ಭಾಗ. ಅದಕ್ಕೆ ‘ಫೇಸ್ ಕಾರ್ಡ್’ ಎನ್ನುತ್ತಾರೆ. ಹಸಿ ಓಕ್ ಮರದ ಒಂದು ಫೇಸ್ ಕಾರ್ಡ್ ಸುಮಾರು 750ರಿಂದ 850 ಕಿಲೋ ತೂಗುತ್ತದೆ. ಒಂದೇ ಅಚ್ಚಿನ ಸಾಮಾನ್ಯ ಯುಟಿಲಿಟಿ ಟ್ರೇಲರ್‌ಗೆ ಇಷ್ಟೇ ಬಹುಮಟ್ಟಿಗೆ ತುಂಬು ಹೊರೆ.

ಮನೆಬಳಕೆಯ ಸ್ಪ್ಲಿಟರ್‌ನ ತೂಕ ಸಾಮಾನ್ಯವಾಗಿ 200ರಿಂದ 300 ಕಿಲೋ. ಅದಕ್ಕೆ ಸ್ಪ್ರಿಂಗ್ ಇಲ್ಲ, ಬ್ರೇಕ್ ಇಲ್ಲ, ಬಹುತೇಕ ಯಂತ್ರಗಳಿಗೆ ದೀಪವೂ ಇಲ್ಲ. ಚಕ್ರದ ವ್ಯಾಸ ಸುಮಾರು 40 ಸೆಂಟಿಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಇಂಥ ಚಕ್ರ ನಿಮಿಷಕ್ಕೆ 1,300 ಸುತ್ತಿಗೂ ಹೆಚ್ಚು ತಿರುಗಬೇಕಾಗುತ್ತದೆ. ಅದರ ಬೇರಿಂಗು ಅಂಥ ಓಟಕ್ಕೆ ಹುಟ್ಟಿದ್ದಲ್ಲ. ಅನೇಕ ತಯಾರಕರು ಕೈಪಿಡಿಯಲ್ಲಿ ಗಂಟೆಗೆ 45 ಮೈಲಿಯ ಮಿತಿಯನ್ನು ಸೂಚಿಸುತ್ತಾರೆ. ಅದೂ ಯಂತ್ರವನ್ನು ನೇರವಾಗಿ ವಾಹನಕ್ಕೆ ಕಟ್ಟಿದಾಗಿನ ಮಾತು.

ಮೂಕಿಯ ಲೆಕ್ಕ

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಈ ಲೆಕ್ಕ ಗೊತ್ತು. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರ್‌ಗೂ ಇದೇ ನಿಯಮ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಮೂಕಿಯ ಮೇಲೆ ಕುಳಿತರೆ ಮಾತ್ರ ಅದು ನೆಟ್ಟಗೆ ಹಿಂಬಾಲಿಸುತ್ತದೆ. ಕಡಿಮೆಯಾದರೆ ಬಾಲ ಬೀಸತೊಡಗುತ್ತದೆ. ಈಗ ಟ್ರೇಲರ್‌ನ ಹಿಂತುದಿಗೆ ಸ್ಪ್ಲಿಟರ್ ಸಿಕ್ಕಿಸಿದೆವೆನ್ನಿ. ಮುಂದಿನ ಹಿಚ್‌ನಿಂದ ಅಚ್ಚಿಗೆ 2.4 ಮೀಟರ್, ಅಚ್ಚಿನಿಂದ ಹಿಂತುದಿಗೆ 1.2 ಮೀಟರ್ ಇದ್ದರೆ, ಹಿಂದೆ ಕೂತ ಪ್ರತಿ 30 ಕಿಲೋ ಭಾರ ಮುಂದಿನ ಮೂಕಿಯಿಂದ 15 ಕಿಲೋ ಎತ್ತಿಬಿಡುತ್ತದೆ. ನಿಂತಾಗ ಇದು ಅಲ್ಪ. ಆದರೆ ಸ್ಪ್ರಿಂಗಿಲ್ಲದ ಯಂತ್ರ ಗುಂಡಿಯಲ್ಲಿ ಕುಪ್ಪಳಿಸಿದಾಗ ಆ ಬಲ ಹಲವು ಪಟ್ಟು ಹೆಚ್ಚುತ್ತದೆ.

ಅದಕ್ಕಿಂತ ಕೆಟ್ಟದ್ದು ಪಕ್ಕದ ಎಳೆತ. ಚಾಲಕ ಸ್ಟೀರಿಂಗನ್ನು ಥಟ್ಟನೆ ತಿರುಗಿಸಿದರೆ ಆ ಹೊಯ್ದಾಟ ಸರಪಳಿಯ ಒಂದೊಂದು ಕೊಂಡಿಯಲ್ಲೂ ಬೆಳೆಯುತ್ತ ಹೋಗುತ್ತದೆ. ಕೊನೆಯ ಕೊಂಡಿ ಎಲ್ಲಕ್ಕಿಂತ ಹೆಚ್ಚು ಬೀಸುತ್ತದೆ. ಟ್ರ್ಯಾಕ್ಟರ್ ನಿಧಾನವಾಗಿ ಸಾಗುವುದರಿಂದಲೇ ಅದರ ಎರಡನೆಯ ಟ್ರೇಲರ್ ಸುಮ್ಮನಿರುತ್ತದೆ. ಪಿಕಪ್‌ನ ವೇಗಕ್ಕೆ ಆ ಹೋಲಿಕೆ ಸಲ್ಲದು. ಜೊತೆಗೆ ಯುಟಿಲಿಟಿ ಟ್ರೇಲರ್‌ನ ಹಿಂಪಟ್ಟಿಯನ್ನು ಇಳಿಜಾರು ಬಾಗಿಲು ಹೊರಲೆಂದು ಬೆಸೆದಿರುತ್ತಾರೆಯೇ ಹೊರತು ಇನ್ನೊಂದು ಬಂಡಿ ಎಳೆಯಲೆಂದಲ್ಲ.

ನನ್ನ ತಪ್ಪು

ನಾನು ಒಯ್ದದ್ದು ಹಳ್ಳಿರಸ್ತೆಯಲ್ಲಿ ಆರೇ ಮೈಲಿ. ಟ್ರೇಲರ್‌ನ ಹಿಂದೆ ಮೊದಲೇ ಒಂದು ಬಾಲ್ ಇತ್ತು. ಸ್ಪ್ಲಿಟರ್‌ನ ಕಪ್ಲರ್ ಅದರ ಮೇಲೆ ಕೂತಿತು, ಚಿಲಕವೂ ಬಿತ್ತು. ಬಾಲ್ ಒಂದೂ ಏಳೆಂಟಾಂಶ ಅಂಗುಲದ್ದು, ಕಪ್ಲರ್ ಎರಡಂಗುಲದ್ದು ಎಂಬುದನ್ನು ನಾನು ನೋಡಲಿಲ್ಲ. ಈ ಜೋಡಿ ಕೈಗೆ ಸರಿಯೆನಿಸುತ್ತದೆ. ಏರುತಗ್ಗು ಬಂದಾಗ ಕಳಚುತ್ತದೆ. ದಿಮ್ಮಿಗಳ ರಾಶಿಯ ಹಿಂದೆ ಯಂತ್ರ ಯಾವ ಕನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಕೂಡುರಸ್ತೆಯಲ್ಲಿ ಇಳಿದು ನೋಡಿದಾಗ ಕಪ್ಲರ್ ಕಳಚಿ, ಕೆಳಗೆ ಅಡ್ಡಡ್ಡ ಹಾಯಿಸಿದ್ದ ಸೇಫ್ಟಿ ಚೈನ್‌ಗಳ ಮೇಲೆ ಯಂತ್ರದ ಮೂತಿ ಒರಗಿತ್ತು. ಎರಡು ಮೈಲಿ ಹಿಂದೆ ರಸ್ತೆಯಂಚಿನಲ್ಲಿ ಇಬ್ಬರು ಮಕ್ಕಳು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅವರನ್ನು ದಾಟುವಾಗ ಯಂತ್ರ ಬಾಲ್ ಮೇಲಿತ್ತೋ ಚೈನ್ ಮೇಲಿತ್ತೋ ನನಗೆ ಇಂದಿಗೂ ತಿಳಿಯದು.

ಕಾನೂನು

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್ನಿನಲ್ಲಿ ಕಾರು ಅಥವಾ ಪಿಕಪ್ ಒಂದಕ್ಕಿಂತ ಹೆಚ್ಚು ಟ್ರೇಲರ್ ಎಳೆಯಬಾರದೆಂಬುದು ಸಾಮಾನ್ಯ ನಿಯಮ. ಪ್ರವಾಸಕ್ಕೆ ಹೋಗುವವರಿಗೊಂದು ವಿನಾಯಿತಿಯಿದೆ: ಮೊದಲ ಟ್ರೇಲರ್ ಫಿಫ್ತ್ ವೀಲ್ ಮಾದರಿಯದಾಗಿರಬೇಕು, ಒಟ್ಟು ಉದ್ದ 75 ಅಡಿ ಮೀರಬಾರದು, ಚಾಲಕನ ಪರವಾನಗಿಯಲ್ಲಿ ‘ಆರ್’ ಅನುಮೋದನೆ ಇರಬೇಕು. ಬಾಲ್ ಹಿಚ್‌ನ ಸೌದೆ ಟ್ರೇಲರ್ ಇದರೊಳಗೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿಯೂ ಪ್ರಯಾಣಿಕ ವಾಹನಗಳು ಎರಡು ಟ್ರೇಲರ್ ಎಳೆಯುವಂತಿಲ್ಲ. ನಿಮ್ಮ ರಾಜ್ಯದ ನಿಯಮವನ್ನು ಹೊರಡುವ ಮೊದಲೇ ಓದಿಕೊಳ್ಳಿ.

ಸರಿಯಾದ ಕ್ರಮ

ಸ್ಪ್ಲಿಟರನ್ನು ಪಿಕಪ್‌ಗೇ ನೇರವಾಗಿ ಕಟ್ಟಿ ಮರ ಬಿದ್ದಲ್ಲಿಗೆ ಒಯ್ದು, ಅಲ್ಲೇ ಸೀಳಿ, ಪಿಕಪ್‌ನ ತೊಟ್ಟಿಯಲ್ಲಿ ಹಿಡಿಸುವಷ್ಟನ್ನು ತನ್ನಿ. ಉಳಿದದ್ದಕ್ಕೆ ಟ್ರೇಲರ್‌ನೊಡನೆ ಮತ್ತೊಮ್ಮೆ ಹೋಗಿ. ಬಾಲ್ ಮೇಲೆ ಕೆತ್ತಿದ ಅಳತೆಯನ್ನೂ ಕಪ್ಲರ್ ಮೇಲಿನ ಅಳತೆಯನ್ನೂ ಓದಿ ಹೋಲಿಸಿ. ಚೈನ್‌ಗಳನ್ನು ಕಪ್ಲರ್‌ನ ಕೆಳಗೆ ಅಡ್ಡಡ್ಡವಾಗಿಯೇ ಹಾಕಿ. ಹಿಂದೆ ಜೋಡಿದೀಪವನ್ನು ಕಟ್ಟಿ, ಮೊದಲ ಮೈಲಿಯ ನಂತರ ನಿಲ್ಲಿಸಿ ಎಲ್ಲವನ್ನೂ ಇನ್ನೊಮ್ಮೆ ಮುಟ್ಟಿ ನೋಡಿ.

ಎರಡನೆಯ ಸಲ ಹೋಗಿಬರಲು ನನಗೆ ಬೇಕಿದ್ದದ್ದು ಅರ್ಧ ಗಂಟೆ. ಆ ಅರ್ಧ ಗಂಟೆ ಉಳಿಸಲು ನಾನು ಪಣಕ್ಕಿಟ್ಟದ್ದು ನನ್ನದಾಗಿರಲಿಲ್ಲ.